ಫ್ಯಾಕ್ಟರಿಯಿಂದ ಬಂದ ಮನೆಯಲ್ಲಿ ಆರು ವರ್ಷ: ಕೈಹಿಡಿದದ್ದು ಖಾಲಿ ಪೈಪು

ಉಕ್ಕಿನ ಚೌಕಟ್ಟಿನ ಮಾಡ್ಯೂಲ್‌ಗಳನ್ನು, ಅಂದರೆ ಫ್ಯಾಕ್ಟರಿಯಲ್ಲೇ ತಯಾರಾದ ಮನೆಯ ದೊಡ್ಡ ಭಾಗಗಳನ್ನು, ತಂದು ಜೋಡಿಸಿ ನಿಲ್ಲಿಸಿದ ಮನೆ ನಮ್ಮದು. ಕ್ರೇನ್ ಬಂದ ಎರಡೇ ದಿನಕ್ಕೆ ಮನೆ ಎದ್ದದ್ದನ್ನು ಎಲ್ಲರೂ ಬಾಯಿಬಿಟ್ಟು ನೋಡಿದರು. ಅದಕ್ಕೂ ಮುಂಚೆ ತಳಪಾಯಕ್ಕೆ, ನೀರಿನ ಲೈನಿಗೆ ಹಿಡಿದ ತಿಂಗಳುಗಳನ್ನು ಯಾರು ಲೆಕ್ಕ ಇಡ್ತಾರೆ, ಅಲ್ವಾ?

ಮಾರುವಾಗ ಜಾಸ್ತಿ ಹೊಗಳಿದ್ದು ಸ್ವಿಚ್‌ಗಳ ಕೆಲಸ ಮಾಡಲು ಗೋಡೆಯಲ್ಲೇ ಕೂರಿಸಿದ್ದ ಟಚ್ ಸ್ಕ್ರೀನನ್ನು. ಮೂರನೇ ವರ್ಷಕ್ಕೆ ಅದರ ಅಪ್‌ಡೇಟ್ ನಿಂತಿತು. ಈಗ ಅದು ಬರೀ ಕಪ್ಪು ಗಾಜು. ಪುಣ್ಯಕ್ಕೆ, ಮಾಮೂಲಿ ಸ್ವಿಚ್‌ಗಳನ್ನೂ ಹಠ ಹಿಡಿದು ಹಾಕಿಸಿದ್ದೆ.

ಯಾರೂ ಹೊಗಳದೇ ಇದ್ದದ್ದು ಗೋಡೆಯೊಳಗಿನ ಖಾಲಿ ಪೈಪುಗಳನ್ನು. ಕೋಣೆಗೆರಡು: ಕರೆಂಟಿಗೊಂದು, ಡೇಟಾ ಕೇಬಲ್ಲಿಗೊಂದು. ಒಳಗೆ ನೈಲಾನ್ ದಾರ ಬಿಟ್ಟಿದ್ದರು. ನಮ್ಮ ಗೋಡೆಯ ಪ್ಯಾನೆಲ್‌ಗಳ ಎರಡೂ ಮೈಗೆ ತಗಡು, ಅದು ಸಿಗ್ನಲ್ ತಡೆಯುತ್ತದೆ, ಹಾಗಾಗಿ ಹಿಂದಿನ ಕೋಣೆಗೆ ವೈಫೈ ಸಿಗುತ್ತಲೇ ಇರಲಿಲ್ಲ. ಒಂದು ಭಾನುವಾರ ಇಂಟರ್ನೆಟ್ ಒಯ್ಯುವ ಕ್ಯಾಟ್ 6 ಕೇಬಲ್ಲಿನ ತುದಿಯನ್ನು ಆ ದಾರಕ್ಕೆ ಕಟ್ಟಿ ಟೇಪ್ ಸುತ್ತಿದೆ. ಆ ಕಡೆಯಿಂದ ಮಗಳು ಎಳೆದಳು. ಒಂದು ತಿರುವಿನಲ್ಲಿ ಸಿಕ್ಕಿಕೊಂಡಿತು, ಸ್ವಲ್ಪ ಹಿಂದಕ್ಕೆ ಜಗ್ಗಿ ಮತ್ತೆ ಬಿಟ್ಟಾಗ ಸರ್ರನೆ ಹೋಯಿತು. ಗೋಡೆಗೆ ಒಂದು ಗೀರೂ ಬೀಳಲಿಲ್ಲ. ಈ ಕೇಬಲ್ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೂ ಒಯ್ಯುತ್ತದೆ, ಮನೆಗೆ ಧಾರಾಳ. ಅದರ ತುದಿಯಲ್ಲಿ ಈಗ ಇನ್ನೊಂದು ವೈಫೈ ಪೆಟ್ಟಿಗೆ ಇದೆ. ಅದಕ್ಕೆ ಕರೆಂಟೂ ಅದೇ ಕೇಬಲ್ಲಿನಿಂದ.

ಕಳೆದ ವರ್ಷ ಅಮ್ಮ ನಮ್ಮ ಜೊತೆ ಇರಲು ಬಂದರು. ಹಾಲ್‌ನ ಒಂದು ಮೂಲೆಯನ್ನೇ ಕೋಣೆ ಮಾಡಿದೆವು. ಸ್ಕ್ರೂ ಬಿಚ್ಚಿ ಪ್ಯಾನೆಲ್ ಸರಿಸಲು ಇಬ್ಬರಿಗೆ ಅರ್ಧ ದಿನ. ನೆಲದ ಮೇಲೆ ಪ್ಯಾನೆಲ್ ಕೂತಿದ್ದ ಹಳೇ ಪಟ್ಟಿಯ ಗುರುತು ಉಳಿದಿದೆ, ಇರಲಿ. ಆದರೆ ಯಾವ ಗೋಡೆ ಬೇಕಾದರೂ ಸರಿಸಬಹುದು ಅನ್ನುವುದು ಸುಳ್ಳು. ಭಾರ ಹೊರುವ ಗೋಡೆಯ ತಂಟೆಗೆ ಹೋಗಬೇಡಿ.

ದೊಡ್ಡ ತಲೆನೋವು ಎರಡು ಮಾಡ್ಯೂಲ್ ಸೇರುವ ಸಂದು. 10 ಮೀಟರ್ ಉದ್ದದ ಉಕ್ಕು 30 ಡಿಗ್ರಿ ಬಿಸಿ ಏರಿದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ಜೋಡಿಸಲು ಬಂದವರು ಅಲ್ಲಿ ಗಟ್ಟಿ ಪುಟ್ಟಿ ಮೆತ್ತಿ ಹೋಗಿದ್ದರು. ಮೊದಲು ಕೂದಲೆಳೆಯಂಥ ಬಿರುಕು, ಎರಡನೇ ಮಳೆಗೆ ಸೋರಿಕೆ. ಅದನ್ನು ಕೆರೆದು, ರಬ್ಬರಿನಂತೆ ಎಳೆದರೆ ಬರುವ ಸೀಲೆಂಟ್ (ಸಂದು ಮುಚ್ಚುವ ಅಂಟು) ಹಾಕಿಸಿದ ಮೇಲೆ ಸೋರಿಕೆ ನಿಂತಿತು.

ಕೊಳ್ಳುವವರು ಪೈಪ್ ಎಲ್ಲೆಲ್ಲಿ ಹೋಗಿದೆ ಅನ್ನುವ ನಕ್ಷೆ ಇಸಿದುಕೊಳ್ಳದೆ ಕೊನೆಯ ಕಂತು ಕೊಡಬೇಡಿ. ನನ್ನ ಹತ್ತಿರ ಅದಿಲ್ಲ. ಫ್ಯಾಕ್ಟರಿ ನೋಡಲು ಹೋದಾಗ ಸುಮ್ನೆ ತೆಗೆದ ನಾಲ್ಕು ಮೊಬೈಲ್ ಫೋಟೋಗಳೇ ಇವತ್ತಿಗೂ ಗತಿ.