ಹೆಸರಘಟ್ಟದ ಏರಿ ಮತ್ತು ಹುಲ್ಲುಗಾವಲು: ನಡಿಗೆಗೂ ಸೈಕಲ್ಲಿಗೂ ಎಷ್ಟು ತಕ್ಕದ್ದು?

ಭಾನುವಾರದ ಬೆಳಗಿನ ಸವಾರಿಯೆಂದರೆ ಬೆಂಗಳೂರಿನ ಹೆಚ್ಚಿನವರು ನಂದಿಬೆಟ್ಟದ ದಾರಿ ಹಿಡಿಯುತ್ತಾರೆ. ಅದೇ ನಂದಿಯ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯ ಕಣಿವೆಯಲ್ಲಿ, ನಗರದಿಂದ ಸುಮಾರು 20 ಕಿಲೋಮೀಟರ್ ದೂರಕ್ಕೆ ಹೆಸರಘಟ್ಟವಿದೆ. ಕೆರೆ, ಹುಲ್ಲುಗಾವಲು, ಶತಮಾನ ದಾಟಿದ ನೀರುಗಾಲುವೆ ಮೂರನ್ನೂ ಒಂದೇ ಬೆಳಿಗ್ಗೆ ನೋಡಬಹುದಾದ ಇನ್ನೊಂದು ದಾರಿ ಇಷ್ಟು ಹತ್ತಿರದಲ್ಲಿ ನನಗೆ ಕಂಡಿಲ್ಲ. ಆದರೆ ಊರಿನವರೆಗೆ ಸೈಕಲ್ಲಿನಲ್ಲಿ ಬಂದು, ಮುಂದಿನದನ್ನು ಕಾಲ್ನಡಿಗೆಯಲ್ಲೇ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ತಿರುಗಿ ಚಿಕ್ಕಬಾಣಾವರ, ಸೋಲದೇವನಹಳ್ಳಿಗಳ ಮೂಲಕ ಸಾಗುವ ಮುಖ್ಯರಸ್ತೆ ನೇರವಾದದ್ದಾದರೂ, ಹೊತ್ತೇರಿದ ಮೇಲೆ ಕಾಲೇಜು ಬಸ್ಸು ಮತ್ತು ಟಿಪ್ಪರ್‌ಗಳ ನಡುವೆ ರಸ್ತೆಯಂಚಿನ ಜಲ್ಲಿಯಲ್ಲಿ ಚಕ್ರ ಜಾರದಂತೆ ನೋಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆಯವರೆಗೆ ಬಂದು ಅಲ್ಲಿಂದ ಎಡಕ್ಕೆ ಹೊರಳುವ ದಾರಿ ಸುತ್ತಾದರೂ ನಾನು ಅದನ್ನೇ ಮೆಚ್ಚುತ್ತೇನೆ. ಏರುಗಳು ಸಣ್ಣವು, ಗೇರ್ ಇಲ್ಲದ ಸೈಕಲ್ಲೇ ಸಾಕು.

ಬೆಂಗಳೂರಿಗೆ ಕುಡಿಯುವ ನೀರು ಒದಗಿಸಲು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಈ ಕೆರೆಯನ್ನು ಕಟ್ಟಲಾಯಿತು. ಇಲ್ಲಿನ ನೀರು ಇಟ್ಟಿಗೆಯ ಕಾಲುವೆಯಲ್ಲಿ ತನ್ನಷ್ಟಕ್ಕೆ ತರಬನಹಳ್ಳಿಯ ಕಡೆಗೆ ಹರಿದು, ಸೋಲದೇವನಹಳ್ಳಿಯ ಪಂಪ್‌ಹೌಸ್‌ನಿಂದ ಮೇಲೇರಿ, ಕೊನೆಗೆ ಮಲ್ಲೇಶ್ವರದ ಶುದ್ಧೀಕರಣ ಘಟಕವನ್ನು ಸೇರುತ್ತಿತ್ತು. ಆ ಕಾಲುವೆಯ ಕಮಾನುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ನಗರಕ್ಕೆ ನೀರು ಕೊಟ್ಟ ಕಟ್ಟಡದ ಪಕ್ಕದಲ್ಲಿ ಅದೇನೆಂದು ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕೆರೆಯ ಏರಿಯ ಮೇಲಿನ ನಡಿಗೆ ಮಕ್ಕಳಿಗೂ ವಯಸ್ಸಾದವರಿಗೂ ಸುಲಭ. ಬೇಸಿಗೆಯಲ್ಲಿ ನೀರು ದೂರ ಸರಿದಿರುತ್ತದೆ, ಮಳೆ ಸರಿಯಾಗಿ ಆಗದ ವರ್ಷಗಳಲ್ಲಿ ಬರಿಯ ಅಂಗಳವೇ ಉಳಿಯುತ್ತದೆ. ಆದ್ದರಿಂದ ಹಿಂಗಾರು ಮುಗಿದ ಮೇಲಿನ ಚಳಿಗಾಲವೇ ಒಳ್ಳೆಯದು.

ಇನ್ನು ಹುಲ್ಲುಗಾವಲು. ದೂರದಿಂದ ಬೀಳುಭೂಮಿಯಂತೆ ಕಾಣುವ ಈ ಬಯಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಟಿಟ್ಟಿಭವೊಂದು ಕೂಗುತ್ತಾ ತಲೆಯ ಮೇಲೆ ಸುತ್ತತೊಡಗುತ್ತದೆ. ಅದರ ಗೂಡೆಂದರೆ ನೆಲದ ಮೇಲಿನ ಒಂದು ಸಣ್ಣ ತಗ್ಗು, ಸುತ್ತ ನಾಲ್ಕಾರು ಹರಳು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳಿದ್ದು, ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವುದರಿಂದ ಒಂದು ಮಾರು ದೂರದಿಂದಲೂ ಅವು ಕಲ್ಲಿಗಿಂತ ಬೇರೆಯಾಗಿ ತೋರುವುದಿಲ್ಲ. ನಡೆಯುವವನು ಹಕ್ಕಿಯ ಕೂಗು ಕೇಳಿ ಹಿಂದೆ ಸರಿಯಬಹುದು. ಹುಲ್ಲಿನ ನಡುವೆ ವೇಗವಾಗಿ ಬರುವ ಸೈಕಲ್ ಸವಾರನಿಗೆ ಆ ಅವಕಾಶವಿರುವುದಿಲ್ಲ. ಬೈಕು, ಜೀಪುಗಳ ಚಕ್ರಗಳು ಕೊರೆದ ಗೀರುಗಳು ಈಗಾಗಲೇ ಬಯಲಿನ ತುಂಬ ಇವೆ, ಮಳೆ ಬಂದಾಗ ಅವೇ ಕೊರಕಲಾಗುತ್ತವೆ. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಇಲ್ಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿಗೆ ನೀಡಿತು. ಅದಕ್ಕೆ ತಕ್ಕಂತೆ ಸೈಕಲ್ಲು ಎಲ್ಲಿಯವರೆಗೆ ಬರಬಹುದು, ಕಾಲುದಾರಿ ಎಲ್ಲಿ ಆರಂಭವಾಗುತ್ತದೆ ಎಂದು ತೋರಿಸುವ ಗುರುತುಕಲ್ಲುಗಳನ್ನು ಮೊದಲು ನೆಡಬೇಕು.

ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಊರಿನಲ್ಲಿ ಇಡ್ಲಿ, ಕಾಫಿ ಸಿಗುತ್ತವೆ. ಬಯಲಿನಲ್ಲಿ ನೆರಳಾಗಲಿ, ಕುಡಿಯುವ ನೀರಾಗಲಿ, ಶೌಚಾಲಯವಾಗಲಿ ಇಲ್ಲ. 1990ರಲ್ಲಿ ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿ ಸ್ಥಾಪಿಸಿದ ನೃತ್ಯಶಾಲೆ ‘ನೃತ್ಯಗ್ರಾಮ’ ಹತ್ತಿರದಲ್ಲೇ ಇದೆ, ಪ್ರವೇಶದ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಸೈಕಲ್ ಇಲ್ಲದವರು ನಗರದಿಂದ ಬಿಎಂಟಿಸಿ ಬಸ್ಸಿನಲ್ಲಿ ನೇರವಾಗಿ ಊರಿಗೇ ಬಂದಿಳಿಯಬಹುದು. ಕೆರೆ ಮತ್ತು ಬಯಲನ್ನು ಅವಸರವಿಲ್ಲದೆ ನೋಡಲು ಮೂರು ಗಂಟೆಯನ್ನಾದರೂ ಇಟ್ಟುಕೊಂಡು, ಬಿಸಿಲೇರುವ ಮೊದಲೇ ಬಯಲಿನ ನಡಿಗೆ ಮುಗಿಸಿ, ಏರಿಯನ್ನು ಕೊನೆಗೆ ಉಳಿಸಿಕೊಳ್ಳುವುದು ಉತ್ತಮ.