ಅನುಮಾನದ ಪೂರ್ವಜ: ಹಳೇ ದಾಖಲೆಯೋ, ಡಿಎನ್‌ಎ ಪರೀಕ್ಷೆಯೋ?

ನಮ್ಮ ಮುತ್ತಜ್ಜ ಇವರೇನಾ ಅನ್ನೋ ಅನುಮಾನ ಇದ್ದರೆ ಮೊದಲು ದಾಖಲೆ ಹುಡುಕಿ. ಹೆಸರು, ಊರು, ವರ್ಷ ಸಿಗುವುದು ಅಲ್ಲೇ. ಆದರೆ ಎಲ್ಲವನ್ನೂ ಒಂದೇ ಥರ ನಂಬೋಕಾಗಲ್ಲ. ಮರಣ ದಾಖಲೆಯನ್ನೇ ನೋಡಿ. ತೀರಿಕೊಂಡ ದಿನಾಂಕ ಸಾಮಾನ್ಯವಾಗಿ ಸರಿ ಇರುತ್ತದೆ. ಹುಟ್ಟಿದ ವರ್ಷ, ತಂದೆತಾಯಿಯ ಹೆಸರು ಮಾತ್ರ ಎಷ್ಟೋ ಸಲ ಮಗನೋ ಅಳಿಯನೋ ನೆನಪಿನಿಂದ ಬರೆಸಿದ್ದು. ಹುಟ್ಟಿದಾಗಲೇ ಬರೆಸಿದ ದಾಖಲೆ ಸಿಕ್ಕರೆ ಅದನ್ನೇ ಜಾಸ್ತಿ ನಂಬಿ. ಒಂದೇ ಹೆಸರಿನ ಇಬ್ಬರು ಎದುರಾದರೆ? ಹೆಂಡತಿ, ಅಣ್ಣತಮ್ಮಂದಿರು, ಸಾಕ್ಷಿ ಹಾಕಿದವರು ಯಾರ್ಯಾರು ಅಂತ ತಾಳೆ ನೋಡಿ. ಬೇರೆಯವರು ಹಾಕಿದ ವಂಶವೃಕ್ಷವನ್ನು ಸುಳಿವು ಅಂತ ಇಟ್ಟುಕೊಳ್ಳಿ, ಸುಮ್ನೆ ನಕಲು ಮಾಡಬೇಡಿ.

ಡಿಎನ್‌ಎಯಲ್ಲಿ ಹೆಸರು ಸಿಗಲ್ಲ, ರಕ್ತಸಂಬಂಧದ ಸುಳಿವು ಸಿಗುತ್ತದೆ. ದತ್ತು, ಮುಚ್ಚಿಟ್ಟ ತಂದೆತನ ಇರುವ ಕಡೆ ದಾಖಲೆಗಿಂತ ಇದೇ ಮೇಲು. ಆದರೆ ಮುತ್ತಜ್ಜನಿಂದ ನಮಗೆ ಬರುವುದು ಸರಾಸರಿ 12.5% ಅಷ್ಟೇ. ಹಿಂದೆ ಹೋದಂತೆ ಪ್ರತಿ ತಲೆಮಾರಿಗೂ ಅದು ಅರ್ಧವಾಗುತ್ತದೆ. ಹಾಗಾಗಿ ಮನೆಯ ಹಿರಿಯರು ಮನಸಾರೆ ಒಪ್ಪಿದರೆ ಅವರನ್ನೇ ಪರೀಕ್ಷೆ ಮಾಡಿಸಿ. ಅಪ್ಪ, ಅಜ್ಜ, ಮುತ್ತಜ್ಜ ಹೀಗೆ ನೇರ ಗಂಡು ಸಾಲಿನ ಪ್ರಶ್ನೆಯಾದರೆ ವೈ-ಡಿಎನ್‌ಎ ಪರೀಕ್ಷೆ ಆರಿಸಿ, ಅದು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ.