ಫೀಡ್‌ನಲ್ಲಿ ಇಡೀ ಲೇಖನ ಕೊಡಬೇಕಾ, ತುಣುಕು ಸಾಕಾ?

ವರ್ಡ್‌ಪ್ರೆಸ್‌ನಲ್ಲಿ ಸೈಟ್ ನಡೆಸುವವರಿಗೆ ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಈ ಪ್ರಶ್ನೆ ಎದುರಾಗುತ್ತದೆ: ಆರ್‌ಎಸ್‌ಎಸ್ ಫೀಡ್‌ಗೆ (ಸೈಟಿನ ಹೊಸ ಬರಹಗಳನ್ನು ಓದುಗರ ರೀಡರ್ ಆಪ್‌ಗೆ ತಲುಪಿಸುವ ಪಟ್ಟಿ) ಪೂರ್ತಿ ಬರಹವೋ, ಬರೀ ತುಣುಕೋ?

ತುಣುಕು ಕೊಟ್ಟರೆ ಓದುಗರು ಸೈಟಿಗೇ ಬರಬೇಕು. ಜಾಹೀರಾತು ಕಣ್ಣಿಗೆ ಬೀಳುತ್ತದೆ, ಎಷ್ಟು ಜನ ಬಂದರು ಎಂಬ ಲೆಕ್ಕ ಸಿಗುತ್ತದೆ. ಲೇಖನ ಕದಿಯುವವರಿಗೂ ಸ್ವಲ್ಪ ತೊಡಕು. ಸ್ವಲ್ಪ ಅಷ್ಟೇ, ಕದಿಯಲೇಬೇಕು ಅಂದವರು ಪುಟದಿಂದಲೇ ಎತ್ತಿಕೊಳ್ಳುತ್ತಾರೆ.

ಪೂರ್ತಿ ಕೊಟ್ಟರೆ ಓದುಗರಿಗೆ ಹಬ್ಬ. ರೀಡರ್ ಆಪ್ ಬರಹವನ್ನು ಮೊದಲೇ ಇಳಿಸಿಕೊಂಡಿದ್ದರೆ ರೈಲಿನಲ್ಲಿ ನೆಟ್‌ವರ್ಕ್ ಹೋದರೂ ಓದಬಹುದು. ಅಕ್ಷರ ತಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಆದರೆ ದುಡ್ಡು? ಅಮೆರಿಕದ ಜಾನ್ ಗ್ರೂಬರ್ ತಮ್ಮ ಡೇರಿಂಗ್ ಫೈರ್‌ಬಾಲ್ ಬ್ಲಾಗ್‌ನ ಪೂರ್ತಿ ಫೀಡನ್ನು ಮೊದಲು ಹಣ ಕೊಟ್ಟ ಸದಸ್ಯರಿಗಷ್ಟೇ ಕೊಡುತ್ತಿದ್ದರು. 2007ರಲ್ಲಿ ಎಲ್ಲರಿಗೂ ತೆರೆದು, ಫೀಡ್‌ನೊಳಗೇ ವಾರಕ್ಕೊಬ್ಬ ಪ್ರಾಯೋಜಕರನ್ನು ಹಾಕಿಕೊಂಡರು. ತಂತ್ರಜ್ಞಾನ ಸುದ್ದಿ ತಾಣ ಆರ್ಸ್ ಟೆಕ್ನಿಕಾ ಬೇರೆ ದಾರಿ ಹಿಡಿದಿದೆ. ಅಲ್ಲಿ ಪೂರ್ತಿ ಫೀಡ್ ಚಂದಾದಾರರಿಗೆ ಸಿಗುವ ಸವಲತ್ತು.

2013ರ ಜುಲೈನಲ್ಲಿ ಫೀಡ್ ಓದುವ ಸೇವೆಯಾಗಿದ್ದ ಗೂಗಲ್ ರೀಡರ್ ಮುಚ್ಚಿತು, ಇನ್ನು ಯಾರು ಫೀಡ್ ಓದ್ತಾರೆ ಅನ್ನಬಹುದು. ಉಳಿದವರು ಕಡಿಮೆಯೇ ಇರಬಹುದು, ಆದರೆ ಬರೆದದ್ದನ್ನೆಲ್ಲ ಓದುವವರು ಅವರೇ ಅಲ್ವಾ? ಜಾಹೀರಾತಿನಿಂದಲೇ ಬದುಕದ ಸಣ್ಣ ಸೈಟ್ ಆದರೆ ನಾನು ಪೂರ್ತಿ ಫೀಡ್ ಕಡೆಗೇ. ಹಳೆಯ ಬರಹಗಳೆಲ್ಲ ಫೀಡ್ ಮೂಲಕ ಹೊರಗೆ ಹೋಗಿಬಿಡುತ್ತವೆ ಎಂಬ ಭಯವೂ ಬೇಡ. ನೀವು ಬದಲಿಸದಿದ್ದರೆ ವರ್ಡ್‌ಪ್ರೆಸ್ ಫೀಡ್‌ನಲ್ಲಿ ಇಡುವುದು ಕೊನೆಯ 10 ಬರಹ ಮಾತ್ರ.